ವಿದ್ಯೆಯ ಬಂಡವಾಳ: ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದ ಒಂದು ಮುಖ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಹೆಸರೆತ್ತಿದೊಡನೆ ಕನ್ನಂಬಾಡಿ ಕಟ್ಟೆ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಅದರ ಹಿಂದೆಯೇ ಮೈಸೂರು ಪೇಟ, ಗುಂಡಿ ಹಾಕಿದ ಕೋಟು, ಸರಕಾರದ ಕೆಲಸಕ್ಕೊಂದು ದೀಪ ಸ್ವಂತ ಕೆಲಸಕ್ಕೊಂದು ದೀಪ ಎಂಬ ಕತೆ. ಇವೆಲ್ಲ ನಾವು ಪ್ರಾಥಮಿಕ ಶಾಲೆಯಲ್ಲಿ ಕುಳಿತಂದಿನಿಂದ ಕೇಳುತ್ತ ಬಂದ ವಿಷಯಗಳು. ಎಂಜಿನಿಯರ್ ವಿಶ್ವೇಶ್ವರಯ್ಯನವರನ್ನು ಕುರಿತು ಬರೆಯಲು ನಾನು ಶಕ್ತನಲ್ಲ. ಕಲಾ ವಿಭಾಗದ ವಿದ್ಯಾರ್ಥಿಗೆ ಆ ಲೆಕ್ಕಾಚಾರಗಳು ತಿಳಿಯುವುದೂ ಇಲ್ಲ. ನಾನು ಹೇಳಹೊರಟಿರುವುದು ಬೇರೊಂದು ಸಂಗತಿ. ಅಣೆಕಟ್ಟನ್ನು ಕಟ್ಟಿಸಿದ ಈ ಮಹನೀಯರು ಒಂದು ಬಡ ಸಂಸ್ಥಾನದ ಬಡತನಕ್ಕೆ ಮದ್ದು ಹುಡುಕಿದಾಗ ಶಾಲೆಯನ್ನೂ ಕಾರ್ಖಾನೆಯನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದರು. ವಿದ್ಯೆಗೆ ಮಾಡುವ ಖರ್ಚು ದಾನಧರ್ಮದ ಬಾಬತ್ತಲ್ಲ, ಬಂಡವಾಳ ಎಂಬುದು ಅವರ ನಂಬಿಕೆಯಾಗಿತ್ತು. ಈ ನಂಬಿಕೆಯಿಂದ ಏನಾಯಿತು, ಎಲ್ಲಿ ಅದು ಎಡವಿತು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, ೧೮೬೦ರ ಸೆಪ್ಟೆಂಬರ್ ೧೫ರಂದು. ೧೮೬೧ ಎಂದು ಬರೆಯುವವರೂ ಉಂಟು. ಪೂರ್ವಿಕರು ಈಗಿನ ಆಂಧ್ರಪ್ರದೇಶಕ್ಕೆ ಸೇರಿದ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ಐಶ್ವರ್ಯವಿರಲಿಲ್ಲ. ಹುಡುಗನ ಓದು ಮುಗಿಯುವ ಮೊದಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಮೊದಲ ಪಾಠಗಳಾದ ಮೇಲೆ ಬೆಂಗಳೂರಿಗೆ ಬಂದು, ಸೋದರಮಾವ ರಾಮಯ್ಯನವರ ಆಸರೆಯಲ್ಲಿ ಓದು ಮುಂದುವರಿಸಿ, ಸೆಂಟ್ರಲ್ ಕಾಲೇಜನ್ನು ಸೇರಿದರು. ಖರ್ಚಿಗಾಗಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿದರು. ೧೮೮೧ರಲ್ಲಿ ಬಿ.ಎ. ಪದವಿ ಪಡೆದರು. ಪದವಿ ಕೊಟ್ಟದ್ದು ಮದರಾಸು ಯೂನಿವರ್ಸಿಟಿ. ಮೈಸೂರಿಗೆ ಆಗ ತನ್ನದೇ ಆದ ಯೂನಿವರ್ಸಿಟಿ ಇರಲಿಲ್ಲ.

ಹಣದ ಬಡತನ ಬೇರೆ, ಅಕ್ಷರದ ಬಡತನ ಬೇರೆ. ವಿಶ್ವೇಶ್ವರಯ್ಯನವರಿಗೆ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ತಂದೆ ವಿದ್ವಾಂಸರು, ಮಾವನಿಗೆ ಪಟ್ಟಣದ ಶಾಲೆ ಕಾಲೇಜುಗಳ ದಾರಿ ಗೊತ್ತು. ಈ ಮಾತನ್ನು ಅವರ ಹಿರಿಮೆಯನ್ನು ಕುಗ್ಗಿಸಲು ಹೇಳುತ್ತಿಲ್ಲ. ಮುಂದೆ ಬರುವ ಒಂದು ವಿಷಯಕ್ಕೆ ಇದು ಬೇಕಾಗುತ್ತದೆ.

ಅವರ ವಿದ್ಯಾರ್ಥಿದೆಸೆಯ ಮೈಸೂರು ಎಂಥದು? ೧೮೭೬ರಿಂದ ೧೮೭೮ರವರೆಗೆ ಸಂಸ್ಥಾನವನ್ನು ಭೀಕರ ಕ್ಷಾಮ ಹಿಡಿದಿತ್ತು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ೪೨ ಲಕ್ಷಕ್ಕಿಂತ ಕಡಮೆಯಾಗಿತ್ತು. ಅದೇ ೧೮೮೧ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದರು. ಬೊಕ್ಕಸ ಬರಿದಾಗಿದ್ದ ಆ ಹೊತ್ತಿನಲ್ಲಿ ಸರಕಾರವು ಈ ತಂದೆಯಿಲ್ಲದ ತರುಣನಿಗೆ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ಸೈನ್ಸ್ ಕಾಲೇಜಿಗೆ ಎಂಜಿನಿಯರಿಂಗ್ ಕಲಿಯಲು ಕಳುಹಿಸಿತು. ೧೮೮೩ರಲ್ಲಿ ಅವರು ಮೊದಲನೆಯವರಾಗಿ ತೇರ್ಗಡೆಯಾದರು. ಮೈಸೂರು ಸಂಸ್ಥಾನವು ವಿದ್ಯೆಯ ಮೇಲೆ ಹಾಕಿದ ಬಂಡವಾಳಗಳಲ್ಲಿ ಇದರಷ್ಟು ಬಡ್ಡಿ ತಂದದ್ದು ಇನ್ನೊಂದು ಇರಲಾರದು. ಬಡ್ಡಿ ಕೈಸೇರಲು ಮಾತ್ರ ೨೫ ವರ್ಷಗಳೇ ಹಿಡಿದವು. ಏಕೆಂದರೆ ಪರೀಕ್ಷೆಯಾದ ಕೂಡಲೇ ಮುಂಬಯಿ ಸರಕಾರ ಅವರನ್ನು ತನ್ನ ಲೋಕೋಪಯೋಗಿ ಇಲಾಖೆಗೆ ಕರೆದುಕೊಂಡಿತು.

ಪುಣೆಯ ವಿಷಯದಲ್ಲಿ ಇನ್ನೊಂದು ಮಾತು. ವಿಶ್ವೇಶ್ವರಯ್ಯನವರು ಅಲ್ಲಿ ಓದುತ್ತಿದ್ದ ದಿನಗಳಲ್ಲಿಯೇ, ೧೮೮೨ರಲ್ಲಿ, ಹಂಟರ್ ಶಿಕ್ಷಣ ಆಯೋಗಕ್ಕೆ ಮಹಾತ್ಮಾ ಜ್ಯೋತಿಬಾ ಫುಲೆಯವರು ಒಂದು ಮನವಿಯನ್ನು ಸಲ್ಲಿಸಿದರು. ಕಂದಾಯ ಬರುವುದು ದುಡಿಯುವ ರೈತನಿಂದ, ಆದರೆ ಆ ಹಣ ಖರ್ಚಾಗುವುದು ಮೇಲಿನ ವರ್ಗದವರ ಉನ್ನತ ಶಿಕ್ಷಣಕ್ಕೆ. ಆದುದರಿಂದ ಜನಸಾಮಾನ್ಯರ ಪ್ರಾಥಮಿಕ ಶಿಕ್ಷಣಕ್ಕೆ ಹಣ ಕೊಡಿ, ಅದನ್ನು ಕಡ್ಡಾಯ ಮಾಡಿ ಎಂಬುದು ಮನವಿಯ ತಿರುಳು. ಒಂದೇ ಊರು, ಒಂದೇ ಕಾಲ. ಆದರೆ ಈ ಇಬ್ಬರ ದಾರಿಗಳು ಕೂಡಿದ ಹಾಗೆ ಕಾಣುವುದಿಲ್ಲ. ಮುಂದೆ ಪುಣೆಯಲ್ಲಿ ಅಧಿಕಾರಿಯಾಗಿದ್ದಾಗ ವಿಶ್ವೇಶ್ವರಯ್ಯನವರಿಗೆ ಹತ್ತಿರವಾದವರು ಮಹಾದೇವ ಗೋವಿಂದ ರಾನಡೆಯವರು ಮತ್ತು ಗೋಪಾಲಕೃಷ್ಣ ಗೋಖಲೆಯವರು. ದೇಶದ ಬಡತನಕ್ಕೆ ಕೈಗಾರಿಕೆಗಳ ಕೊರತೆಯೇ ಕಾರಣವೆಂದು ರಾನಡೆಯವರಿಂದಲೂ, ಪ್ರತಿಯೊಂದು ಮಗುವಿಗೂ ಓದು ಕಲಿಸದೆ ದೇಶ ಮೇಲೇಳದೆಂದು ಗೋಖಲೆಯವರಿಂದಲೂ ಅವರು ಗ್ರಹಿಸಿದರೆಂದು ಹೇಳಬಹುದು.

ಮುಂಬಯಿ ಪ್ರಾಂತದ ಸೇವೆಯನ್ನು ಬೇಗನೆ ದಾಟಿಬಿಡುತ್ತೇನೆ. ನಾಸಿಕದಲ್ಲಿ ಅಸಿಸ್ಟೆಂಟ್ ಎಂಜಿನಿಯರ್, ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು, ಪುಣೆಯ ಬಳಿ ಖಡಕವಾಸ್ಲಾದಲ್ಲಿ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳು, ಏಡನ್ ನಗರದ ನೀರಿನ ಯೋಜನೆ. ಇವೆಲ್ಲ ಪ್ರಸಿದ್ಧವಾಗಿಯೇ ಇವೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ೧೮೯೮ರಲ್ಲಿ ಅವರು ಕೈಗೊಂಡ ಜಪಾನ್ ಪ್ರವಾಸ.

ಆ ಕಾಲದಲ್ಲಿ ರಜೆ ಪಡೆದು ಹೊರದೇಶಕ್ಕೆ ಹೋಗುವವರು ವಿಲಾಯತಿಗೆ ಹೋಗುತ್ತಿದ್ದರು. ಇವರು ಪೂರ್ವದಿಕ್ಕಿಗೆ ಹೋದರು. ಮೂವತ್ತು ವರ್ಷಗಳ ಕೆಳಗೆ ಬತ್ತ ಬೆಳೆಯುವ ಬಡ ದೇಶವಾಗಿದ್ದ ಜಪಾನು ಅಷ್ಟರಲ್ಲಿ ಹಡಗು, ರೈಲು, ನೂಲಿನ ಗಿರಣಿಗಳ ದೇಶವಾಗಿ ಮಾರ್ಪಡುತ್ತಿತ್ತು. ಇದರ ಗುಟ್ಟೇನು? ಜಪಾನಿನ ಸರಕಾರ ೧೮೭೨ರಲ್ಲಿಯೇ, ಅಂದರೆ ದೊಡ್ಡ ಕಾರ್ಖಾನೆಗಳು ಬರುವುದಕ್ಕೆ ಮೊದಲೇ, ಊರೂರಿಗೆ ಶಾಲೆ ಎಂಬ ಶಾಸನವನ್ನು ಹೊರಡಿಸಿತ್ತು. ಹೊಲ ಬಿಟ್ಟು ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾಯಿತೆಂದು ರೈತರು ಸಿಟ್ಟಿಗೆದ್ದು ಕೆಲವೆಡೆ ಶಾಲೆಗಳನ್ನು ಸುಟ್ಟದ್ದೂ ಉಂಟು. ಆದರೂ ಸರಕಾರ ಹಿಂಜರಿಯಲಿಲ್ಲ. ವಿಶ್ವೇಶ್ವರಯ್ಯನವರು ನೋಡಿದ ವೇಳೆಗೆ ಓದುವ ವಯಸ್ಸಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆಯಲ್ಲಿದ್ದರು; ಮತ್ತೆ ಹತ್ತು ವರ್ಷಗಳಲ್ಲಿ ಬಹುಮಟ್ಟಿಗೆ ಎಲ್ಲರೂ ಶಾಲೆಗೆ ಬಂದರು. ಹೊರದೇಶದ ತಜ್ಞರನ್ನು ದುಬಾರಿ ಸಂಬಳಕ್ಕೆ ಕರೆಸಿ, ಅವರ ಕೈಕೆಳಗೆ ತಮ್ಮವರನ್ನು ಪಳಗಿಸಿ, ಆಮೇಲೆ ತಜ್ಞರಿಗೆ ವಂದಿಸಿ ಕಳುಹಿಸಿಬಿಡುವುದು ಜಪಾನೀಯರ ಇನ್ನೊಂದು ಉಪಾಯ. ಈ ಎರಡು ಪಾಠಗಳನ್ನೂ ವಿಶ್ವೇಶ್ವರಯ್ಯನವರು ಮರೆಯಲಿಲ್ಲ. ಮೊದಲನೆಯದನ್ನು ಮೈಸೂರಿನ ಹಳ್ಳಿಗಳಲ್ಲಿಯೂ ಎರಡನೆಯದನ್ನು ಭದ್ರಾವತಿಯಲ್ಲಿಯೂ ಪ್ರಯೋಗ ಮಾಡಿದರು.

೧೯೦೮ರಲ್ಲಿ ಮುಂಬಯಿ ಸೇವೆಯಿಂದ ನಿವೃತ್ತರಾದರು. ಆ ವರ್ಷದ ಮೂಸಿ ನದಿಯ ಪ್ರವಾಹದಿಂದ ಹಾಳಾದ ಹೈದರಾಬಾದಿಗೆ ಸಲಹೆ ನೀಡುತ್ತಿದ್ದಾಗ ಮೈಸೂರಿನಿಂದ ಕರೆ ಬಂತು. ಚೀಫ್ ಎಂಜಿನಿಯರ್ ಹುದ್ದೆಯನ್ನು ಒಪ್ಪಿಕೊಳ್ಳುವ ಮೊದಲು ಅವರು ಸಂಬಳದ ಮಾತಾಡದೆ, ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗಳಿಗೂ ಕೆಲಸ ಮಾಡಲು ತಮಗೆ ಅವಕಾಶವಿರುವುದೇ ಎಂದು ವಿಚಾರಿಸಿದರು. ಇರುವುದೆಂದು ತಿಳಿದ ಮೇಲೆ ೧೯೦೯ರ ನವೆಂಬರಿನಲ್ಲಿ ಬಂದರು. ಬಂದವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸೂಚಿಸಿ ೧೯೧೧ರಲ್ಲಿ ಸ್ಥಾಪನೆ ಮಾಡಿಸಿದ್ದು ಮೈಸೂರು ಸಂಪದಭ್ಯುದಯ ಸಮಾಜ.

ಹೆಸರೇ ಸೊಗಸಾಗಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಎಕನಾಮಿಕ್ ಕಾನ್ಫರೆನ್ಸ್ ಎಂದು ಕರೆದರು. ವರ್ಷಕ್ಕೊಮ್ಮೆ ಅಧಿಕಾರಿಗಳೂ ಜಮೀನ್ದಾರರೂ ವರ್ತಕರೂ ವಿದ್ಯಾವಂತರೂ ಒಂದೆಡೆ ಸೇರಿ ಸಂಸ್ಥಾನದ ಸಂಪತ್ತನ್ನು ಹೆಚ್ಚಿಸುವ ದಾರಿಗಳನ್ನು ಚರ್ಚಿಸುವುದು ಅದರ ಕ್ರಮ. ಅದಕ್ಕೆ ಮೂರು ಸಮಿತಿಗಳು: ವ್ಯವಸಾಯಕ್ಕೆ ಒಂದು, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಒಂದು, ವಿದ್ಯಾಭ್ಯಾಸಕ್ಕೆ ಒಂದು. ಈ ಮೂರನೆಯದನ್ನು ವಾಚಕರು ಗಮನಿಸಬೇಕು. ಅರ್ಥಶಾಸ್ತ್ರದ ಪಠ್ಯದಲ್ಲಿ ನಾವು ಮಾನವ ಬಂಡವಾಳ ಎಂಬ ಅಧ್ಯಾಯವನ್ನು ಓದುತ್ತೇವೆ. ಅಮೆರಿಕದ ಥಿಯೊಡೋರ್ ಷುಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞರು ೧೯೬೦ರಲ್ಲಿ ಈ ಸಿದ್ಧಾಂತವನ್ನು ವಿಸ್ತರಿಸಿ ಹೇಳಿದರು. ಅವರಿಗೆ ೧೯೭೯ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ನಮ್ಮ ದೇಶದ ಕೊಠಾರಿ ಆಯೋಗ ಶಿಕ್ಷಣವನ್ನೂ ರಾಷ್ಟ್ರದ ಅಭಿವೃದ್ಧಿಯನ್ನೂ ಜೋಡಿಸಿ ವರದಿ ಬರೆದದ್ದು ೧೯೬೬ರಲ್ಲಿ. ಸಂಪತ್ತಿನ ಸಭೆಯಲ್ಲಿ ವಿದ್ಯೆಗೆ ಒಂದು ಕುರ್ಚಿ ಹಾಕಿದ ಕೆಲಸ ಮೈಸೂರಿನಲ್ಲಿ ಅದಕ್ಕೆ ಅರ್ಧ ಶತಮಾನ ಮೊದಲೇ ನಡೆದುಹೋಗಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಇದರ ಸುಳಿವಿಲ್ಲದಿರುವುದು ವಿಷಾದದ ಸಂಗತಿ.

ಇನ್ನೂ ಒಂದು ಸ್ವಾರಸ್ಯ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ೧೯೧೫ರ ಮೇ ತಿಂಗಳಲ್ಲಿ ಎಂಬುದನ್ನು ನಾವೆಲ್ಲ ಬಲ್ಲೆವು. ಅದರ ಬೀಜ ಮೊಳೆತದ್ದು ಕವಿಗೋಷ್ಠಿಯಲ್ಲಲ್ಲ, ಈ ಸಂಪದಭ್ಯುದಯ ಸಮಾಜದ ವಿದ್ಯಾಭ್ಯಾಸ ಸಮಿತಿಯಲ್ಲಿ. ರೈತನಿಗೆ ಗೊಬ್ಬರದ ವಿಷಯ, ನೇಕಾರನಿಗೆ ಮಗ್ಗದ ವಿಷಯ ತಿಳಿಯಬೇಕಾದರೆ ಅದು ಕನ್ನಡದಲ್ಲಿಯೇ ತಿಳಿಯಬೇಕು. ಅದಕ್ಕೆ ಕನ್ನಡವನ್ನು ಹದಗೊಳಿಸಬೇಕು ಎಂಬುದು ಅದರ ಹಿಂದಿದ್ದ ವಿಚಾರ. ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್. ವಿ. ನಂಜುಂಡಯ್ಯನವರೇ ಮರುವರ್ಷ ಮೈಸೂರು ಯೂನಿವರ್ಸಿಟಿಯ ಮೊದಲ ವೈಸ್ ಛಾನ್ಸಲರೂ ಆದರು.

೧೯೧೨ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಸಂಸ್ಥಾನದ ಸುಮಾರು ೫೮ ಲಕ್ಷ ಜನರಲ್ಲಿ ಓದುಬರಹ ಬಲ್ಲವರು ಆಗ ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಬೊಕ್ಕಸದಿಂದ ವರ್ಷಕ್ಕೆ ೩೫ ಲಕ್ಷ ರೂಪಾಯಿಗಳನ್ನು ಬ್ರಿಟಿಷರಿಗೆ ಪೊಗದಿಯಾಗಿ ಕಟ್ಟಬೇಕಾಗಿತ್ತು. ಕೈಯಲ್ಲಿ ಹಣವಿಲ್ಲ, ಕನ್ನಂಬಾಡಿಯ ಕೆಲಸ ನಡೆಯುತ್ತಿದೆ. ಇಂಥ ವೇಳೆಯಲ್ಲಿ ಯಾವುದೇ ದಿವಾನರು ಶಾಲೆಗಳ ಮಾತನ್ನು ಮುಂದಿನ ವರ್ಷಕ್ಕೆ ತಳ್ಳುತ್ತಿದ್ದರು. ಅದೇ ೧೯೧೨ರ ಮಾರ್ಚಿಯಲ್ಲಿ ಕಲ್ಕತ್ತೆಯ ಶಾಸನಸಭೆಯಲ್ಲಿ ಗೋಖಲೆಯವರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಬಿದ್ದುಹೋಗಿತ್ತು. ಹಣವಿಲ್ಲ, ಜನ ಒಪ್ಪುವುದಿಲ್ಲ ಎಂಬ ವಾದಗಳೇ ಅಲ್ಲಿ ಗೆದ್ದಿದ್ದವು. ಬ್ರಿಟಿಷ್ ಇಂಡಿಯಾ ಬೇಡವೆಂದು ತಳ್ಳಿದ್ದನ್ನು ಮೈಸೂರು ೧೯೧೩ರಲ್ಲಿ ಎಲಿಮೆಂಟರಿ ಎಜುಕೇಷನ್ ರೆಗ್ಯುಲೇಷನ್ ಎಂಬ ಶಾಸನವಾಗಿ ಅಂಗೀಕರಿಸಿತು. ದೇಶೀ ಸಂಸ್ಥಾನಗಳಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದ ಕೀರ್ತಿ ಬರೋಡೆಯ ಸಯಾಜಿರಾವ್ ಗಾಯಕವಾಡರದು. ಅಲ್ಲಿ ಅಮರೇಲಿ ಸೀಮೆಯಲ್ಲಿ ೧೮೯೩ರಲ್ಲಿಯೂ ಇಡೀ ರಾಜ್ಯದಲ್ಲಿ ೧೯೦೬ರಲ್ಲಿಯೂ ಕಡ್ಡಾಯ ಶಿಕ್ಷಣ ಜಾರಿಗೆ ಬಂದಿತ್ತು. ಮೈಸೂರಿನ ಶಾಸನ ಅಷ್ಟು ವಿಶಾಲವಾದುದಲ್ಲ. ಆರಿಸಿದ ಕೆಲವು ಸ್ಥಳಗಳಲ್ಲಿ ಮಾತ್ರ ಮೊದಲು ಜಾರಿ ಮಾಡಿ, ಕ್ರಮೇಣ ಸ್ಥಳಗಳನ್ನು ಹೆಚ್ಚಿಸುವುದು ಅದರ ರೀತಿ. ದೊಡ್ಡವರಿಗಾಗಿ ರಾತ್ರಿ ಶಾಲೆಗಳನ್ನೂ ಬೆಂಗಳೂರು ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳನ್ನೂ ತೆರೆದರು. ಅವರು ದಿವಾನರಾದಾಗ ಸಂಸ್ಥಾನದಲ್ಲಿ ಸುಮಾರು ೪,೫೦೦ ಶಾಲೆಗಳಿದ್ದವು. ಆರು ವರ್ಷಗಳ ಕೊನೆಗೆ ೧೦,೦೦೦ಕ್ಕಿಂತ ಹೆಚ್ಚಾದವು. ಸುಮಾರು ೧,೪೦,೦೦೦ ಇದ್ದ ವಿದ್ಯಾರ್ಥಿಗಳ ಸಂಖ್ಯೆ ೩,೬೦,೦೦೦ವನ್ನು ಮೀರಿತು. ಅಂಕಿಗಳು ಒಣ ವಸ್ತುಗಳೆಂದು ನಾವು ಬೇಸರಪಡುತ್ತೇವೆ. ಒಂದೊಂದು ಅಂಕಿಯ ಹಿಂದೆ ಸ್ಲೇಟು ಹಿಡಿದ ಒಂದು ಮಗು ನಿಂತಿದೆಯೆಂದು ನೆನೆದರೆ ಅವು ಅಷ್ಟು ಒಣಗಿದವಲ್ಲ.

ಶಾಲೆಯ ಜೊತೆಗೆ ಕಸುಬಿನ ವಿದ್ಯೆಯೂ ಬಂತು. ೧೯೧೩ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ, ಮೈಸೂರಿನಲ್ಲಿ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್; ೧೯೧೭ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ತಾವು ಪುಣೆಗೆ ಹೋಗಿ ಕಲಿತುದನ್ನು ಮೈಸೂರಿನ ಹುಡುಗರು ಇಲ್ಲಿಯೇ ಕಲಿಯುವಂತೆ ಮಾಡಿದರು.

ಯೂನಿವರ್ಸಿಟಿಯ ಸ್ಥಾಪನೆ ಅಷ್ಟು ಸುಲಭವಾಗಿರಲಿಲ್ಲ. ಬ್ರಿಟಿಷರ ಪ್ರಾಂತಗಳ ಹೊರಗೆ, ಒಂದು ದೇಶೀ ಸಂಸ್ಥಾನದಲ್ಲಿ ಯೂನಿವರ್ಸಿಟಿ ಎಂಬುದು ಅದುವರೆಗೆ ಕೇಳಿಲ್ಲದ ಮಾತು. ಇರುವ ಎರಡು ಕಾಲೇಜುಗಳನ್ನು ಮದರಾಸು ಯೂನಿವರ್ಸಿಟಿ ನೋಡಿಕೊಳ್ಳುತ್ತಿರುವಾಗ ಹೊಸದು ಏತಕ್ಕೆ ಎಂದು ಕೇಳುವವರಿಗೆ ಕಾರಣವಿಲ್ಲದಿರಲಿಲ್ಲ. ಆದರೆ ಪಠ್ಯವನ್ನು ಮದರಾಸಿನಲ್ಲಿ ಗೊತ್ತುಮಾಡಿ ಪರೀಕ್ಷೆಯನ್ನು ಮದರಾಸಿನವರು ನಡೆಸುವವರೆಗೆ ಮೈಸೂರಿಗೆ ಬೇಕಾದ ವಿದ್ಯೆ ಮೈಸೂರಿನಲ್ಲಿ ಬೆಳೆಯುವುದು ಹೇಗೆ? ಸಿ. ಆರ್. ರೆಡ್ಡಿಯವರೂ ಥಾಮಸ್ ಡೆನ್‌ಹ್ಯಾಂ ಅವರೂ ಹೊರದೇಶಗಳ ಯೂನಿವರ್ಸಿಟಿಗಳ ಕ್ರಮವನ್ನು ಅಭ್ಯಾಸ ಮಾಡಿ ವಿಷಯ ಸಂಗ್ರಹಿಸಿದರು. ೧೯೧೬ರ ಜುಲೈ ೨೭ರಂದು ಮೈಸೂರು ಯೂನಿವರ್ಸಿಟಿ ಪ್ರಾರಂಭವಾಯಿತು. ಮಹಾರಾಜರೇ ಛಾನ್ಸಲರು, ಮಹಾರಾಜಾ ಕಾಲೇಜು, ಸೆಂಟ್ರಲ್ ಕಾಲೇಜುಗಳೇ ಅದರ ಎರಡು ಕಂಬಗಳು. ಇಂದು ನಮ್ಮ ನಾಡಿನ ಎಷ್ಟೋ ಸರಕಾರಿ ಕಾಲೇಜುಗಳಲ್ಲಿ ಪಾಠ ಹೇಳುವ ಅಧ್ಯಾಪಕರ ಗುರುಪರಂಪರೆಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಆ ಎರಡು ಕಟ್ಟಡಗಳಿಗೆ ಬಂದು ನಿಲ್ಲಬಹುದು.

ವಿದ್ಯೆಗೂ ಸಂಪತ್ತಿಗೂ ಇರುವ ಸಂಬಂಧವನ್ನು ತಿಳಿಯಲು ಶ್ರೀಗಂಧದ ಕತೆಯೊಂದೇ ಸಾಕು. ಮೈಸೂರಿನ ಕಾಡುಗಳಲ್ಲಿ ಬೆಳೆದ ಗಂಧದ ಕೊರಡನ್ನು ಸರಕಾರ ಹರಾಜು ಹಾಕುತ್ತಿತ್ತು. ಅದರಲ್ಲಿ ಬಹುಪಾಲು ಜರ್ಮನಿಗೆ ಹೋಗುತ್ತಿತ್ತು. ಅಲ್ಲಿ ಎಣ್ಣೆ ಇಳಿಸಿ ಲಾಭ ಮಾಡಿಕೊಳ್ಳುತ್ತಿದ್ದರು. ಮರ ನಮ್ಮದು, ಎಣ್ಣೆ ತೆಗೆಯುವ ಬುದ್ಧಿ ಅವರದು; ಹಣವೂ ಬುದ್ಧಿಯಿದ್ದ ಕಡೆಗೇ ಹೋಗುತ್ತಿತ್ತು. ೧೯೧೪ರಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನಿಯ ದಾರಿ ಮುಚ್ಚಿತು. ಕೊರಡುಗಳು ಇಲ್ಲಿಯೇ ಬಿದ್ದವು. ಆಗ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ಕ್ರಮವನ್ನು ಪ್ರಯೋಗ ಮಾಡಿ ತೋರಿಸಿದರು. ಕೈಗಾರಿಕಾ ಇಲಾಖೆಯ ಆಲ್‌ಫ್ರೆಡ್ ಚಾಟರ್‌ಟನ್ ಅದನ್ನು ಕಾರ್ಖಾನೆಗೆ ತಂದರು. ೧೯೧೬–೧೭ರಲ್ಲಿ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ನಡೆಯತೊಡಗಿದವು. ಎಸ್. ಜಿ. ಶಾಸ್ತ್ರಿಗಳೆಂಬ ತರುಣ ರಸಾಯನಶಾಸ್ತ್ರಜ್ಞರನ್ನು ಸಾಬೂನಿನ ಕೆಲಸ ಕಲಿಯಲು ಇಂಗ್ಲೆಂಡಿಗೆ ಕಳುಹಿಸಿದರು. ಅವರು ಹಿಂದಿರುಗಿ ಬಂದು ಮಾಡಿದ ಸಾಬೂನು ಇಂದಿಗೂ ನಮ್ಮ ಬಚ್ಚಲುಮನೆಗಳಲ್ಲಿದೆ. ಮದುವೆಗೆ ಬಂದ ನೆಂಟರಿಗೆ ಮೈಸೂರು ಸ್ಯಾಂಡಲ್ ಸೋಪನ್ನು ಇಟ್ಟುಕೊಡುವ ನಮ್ಮ ಹಳ್ಳಿಯವರು ಅದರೊಳಗೆ ಒಂದು ಪ್ರಯೋಗಾಲಯ, ಒಂದು ವಿದ್ಯಾರ್ಥಿವೇತನ ಅಡಗಿದೆಯೆಂದು ಅರಿಯರು.

ಇನ್ನು ಬರೆಯಲು ಕಷ್ಟವಾದ ಭಾಗಕ್ಕೆ ಬರುತ್ತೇನೆ. ವಿಶ್ವೇಶ್ವರಯ್ಯನವರ ಜೀವನಚರಿತ್ರೆಗಳಲ್ಲಿ ಅನೇಕರು ಇದನ್ನು ಒಂದೆರಡು ಸಾಲುಗಳಲ್ಲಿ ಮುಗಿಸುತ್ತಾರೆ.

ಸಂಸ್ಥಾನದ ಸರಕಾರಿ ಹುದ್ದೆಗಳಲ್ಲಿ, ಅದರಲ್ಲಿಯೂ ಮೇಲಿನ ಹುದ್ದೆಗಳಲ್ಲಿ, ಬಹುಪಾಲು ಬ್ರಾಹ್ಮಣರೇ ಇದ್ದರು. ಜನಸಂಖ್ಯೆಯಲ್ಲಿ ಅವರು ಅತ್ಯಲ್ಪ. ೧೯೧೭ರಲ್ಲಿ ಪ್ರಜಾಮಿತ್ರ ಮಂಡಲಿ ಎಂಬ ಸಂಸ್ಥೆ ಹುಟ್ಟಿ, ಮರುವರ್ಷ ಉಳಿದ ಸಮುದಾಯಗಳವರ ಪರವಾಗಿ ಮಹಾರಾಜರಿಗೆ ಬಿನ್ನಹ ಮಾಡಿಕೊಂಡಿತು. ಮಹಾರಾಜರು ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಹುದ್ದೆಗೆ ಯೋಗ್ಯತೆಯೊಂದೇ ಅಳತೆ. ಹಿಂದುಳಿದವರಿಗೆ ವಿದ್ಯೆಯನ್ನೂ ವಿದ್ಯಾರ್ಥಿವೇತನವನ್ನೂ ಬೇಕಾದಷ್ಟು ಕೊಡೋಣ, ವಿದ್ಯೆ ಹರಡಿದರೆ ಹುದ್ದೆ ತಾನಾಗಿಯೇ ಬರುತ್ತದೆ. ಅಳತೆಯನ್ನು ಸಡಿಲಿಸಿದರೆ ಆಡಳಿತವೂ ಕೈಗಾರಿಕೆಯೂ ಕೆಡುತ್ತವೆ. ಇದು ಅವರ ನಿಲುವು. ಮಹಾರಾಜರು ತಮ್ಮ ನಿರ್ಧಾರವನ್ನು ಬದಲಿಸಲಿಲ್ಲ. ೧೯೧೮ರ ಕೊನೆಗೆ ದಿವಾನರು ರಜೆಯ ಮೇಲೆ ಹೊರಟು ಅಧಿಕಾರವನ್ನು ಬಿಟ್ಟರು. ೧೯೧೯ರಲ್ಲಿ ಬಂದ ಮಿಲ್ಲರ್ ವರದಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲೂ ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕೆಂದು ಸಲಹೆ ಮಾಡಿತು. ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಹೆಚ್ಚಿಸಬೇಕೆಂದೂ ಹೇಳಿತು.

ಇದು ಹಳೆಯ ಜಗಳವೆಂದು ಯಾರೂ ತಿಳಿಯಬಾರದು. ವಿದ್ಯಾರ್ಥಿನಿಲಯದಲ್ಲಿ ರಾತ್ರಿ ಊಟವಾದ ಮೇಲೆ ನಾವು ಈಗಲೂ ಇದನ್ನೇ ವಾದಿಸುತ್ತೇವೆ. ನನ್ನ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲನ್ನು ಹತ್ತಿದವನು ನಾನೇ ಮೊದಲು. ತಂದೆಯವರು ನಾಲ್ಕನೆಯ ತರಗತಿಗೆ ಬಿಟ್ಟು ಹೊಲಕ್ಕೆ ಇಳಿದವರು, ತಾಯಿಯವರದು ಹೆಬ್ಬೆಟ್ಟು. ವಿದ್ಯಾರ್ಥಿವೇತನವೆಂಬುದು ಒಂದು ಉಂಟು, ಅದಕ್ಕೆ ಇಂಥ ತಾರೀಖಿನೊಳಗೆ ಅರ್ಜಿ ಹಾಕಬೇಕು ಎಂಬುದೇ ನಮ್ಮ ಮನೆಗೆ ತಿಳಿಯದು. ಊರಿನ ಮೇಷ್ಟರೊಬ್ಬರು ತಾವೇ ಮನೆಗೆ ಬಂದು ಅರ್ಜಿ ತುಂಬಿದರು, ಅದರಿಂದ ನಾನು ಕಾಲೇಜಿಗೆ ಬಂದೆ. ವಿಶ್ವೇಶ್ವರಯ್ಯನವರಿಗೆ ಹಣವಿರಲಿಲ್ಲ, ದಾರಿ ಬಲ್ಲ ಮಾವನಿದ್ದರು ಎಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿ. ಅವರ ಲೆಕ್ಕದಲ್ಲಿ ಶಾಲೆಯ ಬ���ಗಿಲನ್ನು ತೆರೆದರೆ ಎಲ್ಲರೂ ಒಂದೇ ಹೆಜ್ಜೆಯಲ್ಲಿ ಒಳಗೆ ಬರುತ್ತಾರೆ. ಆದರೆ ಒಬ್ಬನು ಬಾಗಿಲ ಬಳಿಯೇ ಹುಟ್ಟಿರುತ್ತಾನೆ, ಇನ್ನೊಬ್ಬನು ಹತ್ತು ಹರದಾರಿ ದೂರದಲ್ಲಿ ಹುಟ್ಟಿರುತ್ತಾನೆ. ಇಬ್ಬರನ್ನೂ ಒಂದೇ ಗಡಿಯಾರದಿಂದ ಅಳೆದರೆ ದೂರದವನು ಸೋಮಾರಿಯಂತೆ ಕಾಣುತ್ತಾನೆ. ಹುದ್ದೆಯಲ್ಲಿ ತನ್ನವನೊಬ್ಬ ಕುಳಿತಿರುವುದನ್ನು ಕಣ್ಣಾರೆ ಕಂಡ ಮೇಲೆ ಮಾತ್ರ ಹಳ್ಳಿಯ ತಂದೆ ಮಗನ ಓದಿಗೆ ಎತ್ತನ್ನು ಮಾರಲು ಧೈರ್ಯ ಮಾಡುತ್ತಾನೆ. ವಿದ್ಯೆಯಿಂದ ಹುದ್ದೆ ಬರುವಂತೆ ಹುದ್ದೆಯಿಂದಲೂ ವಿದ್ಯೆ ಬರುತ್ತದೆ ಎಂಬುದನ್ನು ಮಿಲ್ಲರ್ ಸಮಿತಿ ಕಂಡಿತು, ದಿವಾನರು ಕಾಣಲಿಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ೧೯೧೩ರ ಶಾಸನವನ್ನು ತೆಗೆದುಹಾಕಿ ಮಿಲ್ಲರ್ ವರದಿಯೊಂದನ್ನೇ ಹಿಡಿದುಕೊಳ್ಳಲು ಸಾಧ್ಯವೇ? ಹಳ್ಳಿಯಲ್ಲಿ ಶಾಲೆಯೇ ಇರದಿದ್ದರೆ ಮೀಸಲಿಟ್ಟ ಹುದ್ದೆಗೆ ಅರ್ಜಿ ಹಾಕುವವರಾರು? ನಾನು ಈ ಲೇಖನವನ್ನು ಬರೆಯುತ್ತಿರುವುದಕ್ಕೆ ಇಬ್ಬರೂ ಕಾರಣರು. ಆ ಇಬ್ಬರೂ ಪರಸ್ಪರ ಒಪ್ಪಲಿಲ್ಲವೆಂಬುದು ಬೇರೆ ಮಾತು.

ಅಧಿಕಾರ ಬಿಟ್ಟ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಮತ್ತೆ ಜಪಾನು, ಅಮೆರಿಕ, ಯೂರೋಪುಗಳನ್ನು ಸುತ್ತಿಬಂದು ೧೯೨೦ರಲ್ಲಿ ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ ಎಂಬ ಗ್ರಂಥವನ್ನು ಪ್ರಕಟಿಸಿದರು. ೧೯೨೧–೨೨ರಲ್ಲಿ ಮುಂಬಯಿ ಪ್ರಾಂತದ ತಾಂತ್ರಿಕ ಹಾಗೂ ಕೈಗಾರಿಕಾ ಶಿಕ್ಷಣ ಸಮಿತಿಯ ಅಧ್ಯಕ್ಷರಾದರು. ೧೯೩೪ರಲ್ಲಿ ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ ಎಂಬ ಗ್ರಂಥವನ್ನು ಹೊರತಂದರು. ನಮ್ಮ ಮೊದಲ ಪಂಚವಾರ್ಷಿಕ ಯೋಜನೆ ಬಂದದ್ದು ಅದಾದ ೧೭ ವರ್ಷಗಳ ಮೇಲೆ. ಇವುಗಳ ನಡುವೆ ಬಂದದ್ದು ಭದ್ರಾವತಿ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆಯನ್ನು ಅವರು ದಿವಾನಗಿರಿಯಲ್ಲಿಯೇ ಹಾಕಿದ್ದರು. ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಕಂಪನಿಯ ಸಲಹೆಯಂತೆ, ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಟ್ಟಿಗೆಯ ಇದ್ದಲಿನಿಂದ ಕಬ್ಬಿಣ ಕರಗಿಸುವ ಸಾಹಸ ಅದು. ೧೯೨೩ರಲ್ಲಿ ಕುಲುಮೆ ಹೊತ್ತಿಕೊಳ್ಳುವ ವೇಳೆಗೆ ಯುದ್ಧಕಾಲದ ಬೆಲೆ ಇಳಿದುಹೋಗಿ, ಕಾರ್ಖಾನೆ ನಷ್ಟದಲ್ಲಿ ಮುಳುಗಿತು. ಬಿಳಿಯಾನೆಯೆಂದು ಜನ ಹೀಯಾಳಿಸಿದರು. ಅದನ್ನು ನಡೆಸಲು ಸರಕಾರ ಅವರನ್ನೇ ಕರೆಯಿತು. ೧೯೨೩ರಿಂದ ೧೯೨೯ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿ, ಖರ್ಚನ್ನು ಹಿಡಿದು, ಹೊರದೇಶದ ತಜ್ಞರ ಸ್ಥಾನಗಳಲ್ಲಿ ಒಬ್ಬೊಬ್ಬರಾಗಿ ನಮ್ಮ ಎಂಜಿನಿಯರುಗಳನ್ನು ತಂದು ಕೂರಿಸಿದರು. ಕೆಂಪಗೆ ಕಾದ ಕುಲುಮೆಯ ಮುಂದೆ ಮಲೆನಾಡಿನ ಹುಡುಗರು ಕೆಲಸ ಕಲಿತರು. ಕಾರ್ಖಾನೆ ಕೊಟ್ಟ ಕಬ್ಬಿಣಕ್ಕಿಂತ ಕಲಿಸಿಕೊಟ್ಟ ಕೆಲಸವೇ ಹೆಚ್ಚು ಬೆಲೆಯುಳ್ಳದ್ದೆಂದು ಹೇಳಿದರೆ ಲೆಕ್ಕಪರಿಶೋಧಕರು ಒಪ್ಪಲಾರರು; ಏಕೆಂದರೆ ಆ ಕಲಿಕೆಯನ್ನು ಜಮಾ ಖರ್ಚಿನ ಯಾವ ಅಂಕಣದಲ್ಲಿಯೂ ಬರೆಯುವುದಿಲ್ಲ.

ಈ ಆರು ವರ್ಷಗಳ ದುಡಿಮೆಗೆ ಅವರಿಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ತೆಗೆದುಕೊಳ್ಳಲಿಲ್ಲ. ಬಡ ಹುಡುಗರು ಕಸುಬು ಕಲಿಯುವ ಒಂದು ಸಂಸ್ಥೆಗೆ ಅದನ್ನು ಬಳಸಬೇಕೆಂದು ಸರಕಾರಕ್ಕೆ ತಿಳಿಸಿದರು. ಸಂಸ್ಥೆಗೆ ಅವರ ಹೆಸರನ್ನೇ ಇಡುವ ಮಾತು ಬಂದಾಗ ಬೇಡವೆಂದು, ಮಹಾರಾಜರ ಹೆಸರಿಡುವಂತೆ ಸೂಚಿಸಿದರು. ಬೆಂಗಳೂರಿನಲ್ಲಿ ೧೯೪೩ರಲ್ಲಿ ಪ್ರಾರಂಭವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅದೇ. ಎಸ್.ಜೆ.ಪಿ. ಎಂಬ ಹೆಸರಿನಿಂದ ಇಂದಿಗೂ ಪಾಲಿಟೆಕ್ನಿಕ್ ಆಗಿ ನಡೆಯುತ್ತಿದೆ. ಹತ್ತನೆಯ ತರಗತಿ ಮುಗಿಸಿದ ಕೂಲಿಕಾರರ ಮಕ್ಕಳು ಅಲ್ಲಿ ಡಿಪ್ಲೊಮಾ ಓದುತ್ತಾರೆ.

೧೯೫೫ರಲ್ಲಿ ಭಾರತರತ್ನ ಬಂತು. ಅದು ಬರುವಾಗ ಅವರು ತೊಂಬತ್ತು ದಾಟಿದ್ದರು. ಆದರೂ ಹಳ್ಳಿಗಳಲ್ಲಿ ಸಣ್ಣ ಕೈಗಾರಿಕೆಗಳನ್ನು ಹಬ್ಬಿಸುವ ತಮ್ಮ ಯೋಜನೆಯ ಚಿಂತೆಯನ್ನು ಬಿಟ್ಟಿರಲಿಲ್ಲ. ಸಂವಿಧಾನವು ಹತ್ತು ವರ್ಷಗಳೊಳಗೆ ಎಲ್ಲ ಮಕ್ಕಳಿಗೂ ಕಡ್ಡಾಯ ಶಿಕ್ಷಣ ಒದಗಿಸಲು ಯತ್ನಿಸಬೇಕೆಂದು ೧೯೫೦ರಲ್ಲಿ ವಿಧಿಸಿತ್ತು. ಆ ಹತ್ತು ವರ್ಷಗಳು ಮುಗಿದುಹೋದುದನ್ನು ಅವರು ಬದುಕಿದ್ದು ನೋಡಿದರು. ಶಿಕ್ಷಣವನ್ನು ಮಕ್ಕಳ ಹಕ್ಕೆಂದು ಇಡೀ ದೇಶಕ್ಕೆ ಶಾಸನ ಮಾಡಿದ್ದು ೨೦೦೯ರಲ್ಲಿ, ಮೈಸೂರಿನ ರೆಗ್ಯುಲೇಷನ್ ಆಗಿ ೯೬ ವರ್ಷಗಳ ಮೇಲೆ.

ನೂರು ವರ್ಷಗಳನ್ನು ತುಂಬಿಸಿ, ೧೯೬೨ರ ಏಪ್ರಿಲಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು.